ಎಲಿಪ್ಟಿಕಲ್ ಮನೆಗೆ ತರುತ್ತಿದ್ದೇನೆ. ನಾನೇ ಜೋಡಿಸಲಾ, ಜನ ಕರೆಸಲಾ?

ಎಲಿಪ್ಟಿಕಲ್‌ಗೆ, ಅಂದರೆ ನಿಂತು ಪೆಡಲ್ ತುಳಿಯುತ್ತಾ ನಡೆಯುವ ವ್ಯಾಯಾಮದ ಯಂತ್ರಕ್ಕೆ, 8 ಕೆಜಿ ಫ್ಲೈವೀಲ್ (ಒಳಗೆ ತಿರುಗುವ ಭಾರದ ಚಕ್ರ) ಸಾಕಾ, 10 ಕೆಜಿದೇ ಬೇಕಾ, ಜೋಡಿಸಲು ಕಂಪನಿಯವರನ್ನೇ ಕರೆಸಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ಮೂರು ವರ್ಷದ ಹಿಂದೆ ನಾನೂ ಇದೇ ಎರಡು ಅಂಕಿ ಹಿಡಿದುಕೊಂಡು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ನನ್ನನ್ನು ಅಳಿಸಿದ್ದು ಎಡಗಡೆ ಪೆಡಲಿನ ಒಂದು ಬೋಲ್ಟ್.

ಪೆಟ್ಟಿಗೆ 60 ಕೆಜಿಗಿಂತ ಜಾಸ್ತಿ ಇತ್ತು. ತಂದವರು ಬಾಗಿಲ ಹತ್ತಿರ ಇಳಿಸಿ ಹೋದರು. ಮನೆಯಲ್ಲಿ ಆವತ್ತು ನಾನೊಬ್ಬನೇ. ಇಬ್ಬರು ಸೇರಿ ಜೋಡಿಸಿ ಅಂತ ಪೆಟ್ಟಿಗೆ ಮೇಲೆಯೇ ಎರಡು ಮನುಷ್ಯರ ಚಿತ್ರ ಬಿಡಿಸಿದ್ದರು. ಮಂಚ, ಬೀರು, ಮಗನ ಸೈಕಲ್ಲು ಎಲ್ಲ ನಾನೇ ಜೋಡಿಸಿದವನು, ಇದ್ಯಾವ ಲೆಕ್ಕ ಅನ್ನುವ ಜಂಬ ನನಗೆ. ಪೆಟ್ಟಿಗೆಯ ಪಕ್ಕ ಸೀಳಿ ಒಂದೊಂದೇ ಭಾಗ ಎತ್ತಿ ರೂಮಿಗೆ ಸಾಗಿಸಿದೆ. ಅವತ್ತು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಪೂರ್ತಿ ಜೋಡಿಸಿದ ಮೇಲೆ ಎಷ್ಟೋ ಮಾದರಿಗಳು ಬಾಗಿಲಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಎಲ್ಲಿ ಇಡುತ್ತೀರೋ ಅಲ್ಲೇ ಜೋಡಿಸಿ.

ಮೊದಲು ಕೆಳಗಿನ ಎರಡು ಅಡ್ಡಪಟ್ಟಿ. ಒಂದಕ್ಕೆ ಎರಡು ಬೋಲ್ಟ್. ಹಾಕಿದೆ, ಸ್ಪ್ಯಾನರ್ ಹಿಡಿದು ಗಟ್ಟಿಯಾಗಿ ಬಿಗಿದೆ. ಆಮೇಲೆ ಮುಂದಿನ ಕಂಬ. ಅದರೊಳಗಿಂದ ಡಿಸ್‌ಪ್ಲೇ ವೈರು ಮೇಲಕ್ಕೆ ಎಳೆಯಬೇಕು. ವೈರು ನಡುವೆ ಸಿಕ್ಕಿ ಜಜ್ಜಿಹೋಗದಂತೆ ಎಚ್ಚರವಹಿಸಿ ಕಂಬ ಕೂರಿಸಿದೆ. ನಾಲ್ಕು ಬೋಲ್ಟ್. ಅವನ್ನೂ ಅಲೆನ್ ಕೀ ಹಾಕಿ ಇನ್ನು ತಿರುಗಲ್ಲ ಅನ್ನುವಷ್ಟು ಬಿಗಿದೆ. ನಂತರ ಎರಡು ಕೈಗಂಬಿ, ಅವೂ ಗಟ್ಟಿ. ಒಂದೊಂದು ಹಂತ ಮುಗಿದಾಗಲೂ ಅಲ್ಲಾಡಿಸಿ ನೋಡಿ, ಆಹಾ, ಬಂಡೆ ಇದ್ದ ಹಾಗಿದೆ ಅಂತ ಬೀಗಿದೆ.

ಹೀಗೆ ಒಂದೊಂದನ್ನೂ ಆಗಾಗಲೇ ಪೂರ್ತಿ ಬಿಗಿದದ್ದೇ ನನ್ನ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಲಿಲ್ಲ. ಕೈಪಿಡಿಯಲ್ಲಿ ಒಂದು ಸಾಲು ಇತ್ತು, ನಾನು ಬರೀ ಚಿತ್ರ ನೋಡಿದೆ.

8 ಮಿಲಿಮೀಟರ್ ಬೋಲ್ಟಿಗೆ ಕಬ್ಬಿಣದಲ್ಲಿ ಕೊರೆದಿರುವ ತೂತು ಸುಮಾರು 9 ಮಿಲಿಮೀಟರ್ ಇರುತ್ತದೆ. ಆ ಒಂದು ಮಿಲಿಮೀಟರ್ ಬೇಕಂತಲೇ ಬಿಟ್ಟಿರೋದು. ಬೆಸುಗೆ ಹಾಕಿದ ಪೈಪು ಯಾವುದೂ ಕರಾರುವಾಕ್ಕಾಗಿ ನೇರ ಇರುವುದಿಲ್ಲ. ಎಲ್ಲ ಭಾಗ ಸಡಿಲವಾಗಿ ಸೇರಿದಾಗ ಅವು ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂರಲಿ ಅಂತ ಈ ಜಾಗ. ನಾನು ಏನು ಮಾಡಿದೆ? ಕಂಬ ಒಂದು ಮಿಲಿಮೀಟರ್ ಎಡಕ್ಕೆ ವಾಲಿದ್ದಾಗಲೇ ಬಿಗಿದುಬಿಟ್ಟೆ. ಬುಡದಲ್ಲಿ ಒಂದು ಮಿಲಿಮೀಟರ್ ಅಂದರೆ ಮೇಲೆ ಕೈಗಂಬಿ ತೂಗುವ ಜಾಗದಲ್ಲಿ ಅದರ ಎಷ್ಟೋ ಪಟ್ಟು. ಆ ಕೈಗಂಬಿಯ ಕೆಳತುದಿ ಪೆಡಲಿನ ಉದ್ದ ಪೈಪಿಗೆ ಸೇರುತ್ತದೆ. ಆ ಪೈಪಿನ ಹಿಂತುದಿ ಕ್ರ್ಯಾಂಕಿಗೆ, ಅಂದರೆ ಚಕ್ರ ತಿರುಗಿಸುವ ತೋಳಿಗೆ, ಸೇರುತ್ತದೆ. ಅಂಗಿಯ ಮೊದಲ ಗುಂಡಿ ತಪ್ಪು ಕಾಜಾಕ್ಕೆ ಹಾಕಿದರೆ ಗೊತ್ತಾಗೋದು ಕೊನೇ ಗುಂಡಿಗೆ ಬಂದಾಗ ಅಲ್ವಾ? ಹಾಗೆ. ಕೊನೆಯದಾದ ಎಡ ಪೆಡಲಿಗೆ ಬಂದಾಗ ಪೈಪು ಕ್ರ್ಯಾಂಕಿನ ತೂತಿಗೆ ನೇರವಾಗಿ ಬರಲೇ ಇಲ್ಲ, ಕೂದಲೆಳೆಯಷ್ಟು ಓರೆ.

ಎಡಗಡೆ ಬೋಲ್ಟಿನ ಥ್ರೆಡ್, ಅಂದರೆ ತಿರುಪಿನ ಗೆರೆ, ಉಲ್ಟಾ ಅಂತ ನನಗೆ ಗೊತ್ತಿತ್ತು. ಸೈಕಲ್ಲಿನ ಎಡ ಪೆಡಲಿನಲ್ಲೂ ಹಾಗೇ, ತುಳಿಯುತ್ತಾ ತುಳಿಯುತ್ತಾ ತಾನಾಗಿ ಬಿಚ್ಚಿಕೊಳ್ಳದಿರಲಿ ಅಂತ. ಬೋಲ್ಟಿನ ತಲೆ ಮೇಲೆ ಇಂಗ್ಲಿಷಿನ ಎಲ್ ಅಕ್ಷರವೂ ಇತ್ತು. ಸರಿಯಾದ ದಿಕ್ಕಿಗೇ ತಿರುಗಿಸಿದೆ. ಒಂದು ಸುತ್ತು ಹೋಯಿತು, ಎರಡನೆಯದಕ್ಕೆ ಬಿಗಿಯಾಯಿತು. ಹೊಸ ಥ್ರೆಡ್ ಅಲ್ವಾ, ಬಿಗಿ ಇರುತ್ತೆ ಅಂದುಕೊಂಡೆ. ಅಲೆನ್ ಕೀಗೆ ಒಂದು ಪೈಪಿನ ತುಂಡು ಸಿಕ್ಕಿಸಿ ಮೈಭಾರ ಹಾಕಿದೆ. ಕರ್ ಅಂತು. ಇನ್ನರ್ಧ ಸುತ್ತು. ಆಗ ನೆಲದ ಮೇಲೆ ಏನೋ ಮಿಂಚಿತು. ಬಗ್ಗಿ ನೋಡಿದರೆ ಪೆನ್ಸಿಲ್ ಹೆರೆದಾಗ ಬರುತ್ತದಲ್ಲ, ಆ ಥರ ಸುರುಳಿ ಸುತ್ತಿದ ಒಂದು ಬೆಳ್ಳಿ ಬಣ್ಣದ ಎಳೆ. ಬೆರಳಲ್ಲಿ ಎತ್ತಿಕೊಂಡೆ, ಇನ್ನೂ ಬೆಚ್ಚಗಿತ್ತು. ಅದು ಕ್ರ್ಯಾಂಕಿನ ಥ್ರೆಡ್ಡು. ಥ್ರೆಡ್ ಅಡ್ಡ ಕೂತಿತ್ತು, ನಾನು ಅದನ್ನು ಹೆರೆದು ತೆಗೆದಿದ್ದೆ.

ಆವತ್ತಾದರೂ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ನಿಂತಿದೆಯಲ್ಲ, ಸಾಕು ಅಂತ ಹತ್ತಿ ನಡೆದೆ. ನಾಲ್ಕು ದಿನ ಚೆನ್ನಾಗೇ ಇತ್ತು. ಐದನೇ ದಿನ ಎಡಗಾಲು ಕೆಳಗೆ ಬಂದಾಗಲೆಲ್ಲ ಟಕ್. ಬಲಗಾಲಿಗೆ ಏನಿಲ್ಲ, ಎಡಗಾಲಿಗೆ ಟಕ್. ಎಣ್ಣೆ ಬಿಟ್ಟೆ. ಕೆಳಗೆ ರಬ್ಬರ್ ಮ್ಯಾಟ್ ಹಾಸಿದೆ. ಪಾದಗಳ ತಿರುಪು ತಿರುಗಿಸಿ ಮಟ್ಟ ಮಾಡಿದೆ. ಎರಡನೇ ವಾರ ಪೆಡಲ್ ಪೈಪು ಕ್ರ್ಯಾಂಕಿನಿಂದ ಕಳಚಿ ಧಡ್ ಅಂತ ನೆಲಕ್ಕೆ ಬಿತ್ತು. ಮೇಲೆ ನಾನಿದ್ದೆ. ಕೈಗಂಬಿ ಹಿಡಿದಿದ್ದಕ್ಕೆ ಮೊಣಕಾಲು ತರಚಿದ್ದಷ್ಟೇ.

ಜೋಡಣೆಯಲ್ಲಿ ಆದ ಹಾನಿಗೆ ವಾರಂಟಿ ಇಲ್ಲ ಅಂದರು. ನ್ಯಾಯವೇ, ಜಗಳ ಆಡುವ ಮುಖ ನನಗಿರಲಿಲ್ಲ. ಹೊಸ ಕ್ರ್ಯಾಂಕ್ ಬರಲು ಐದು ವಾರ. ಹಳೆಯದನ್ನು ಕೀಳಲು ಪುಲ್ಲರ್ ಅನ್ನುವ ಬೇರೆಯದೇ ಉಪಕರಣ ಬೇಕಾಯಿತು. ಸುತ್ತಿಗೆಯಲ್ಲಿ ಬಡಿದರೆ ಒಳಗಿನ ಬೇರಿಂಗ್ ಹೋಗುತ್ತದೆ ಅಂತ ಸೈಕಲ್ ರಿಪೇರಿ ಮಾಡುವ ಗೆಳೆಯ ಹೇಳಿದ, ಇಲ್ಲದಿದ್ದರೆ ಅದನ್ನೂ ಮಾಡುತ್ತಿದ್ದೆ. ಆ ಐದು ವಾರ ಯಂತ್ರದ ಮೇಲೆ ಮನೆಯವರ ಬಟ್ಟೆ ಒಣಗುತ್ತಿತ್ತು.

ಎರಡನೇ ಸಲ ಗೆಳೆಯನೇ ಜೊತೆಗೆ ನಿಂತ. ಎಲ್ಲ ಬೋಲ್ಟೂ ಬಿಚ್ಚಿಸಿದ. ಎಲ್ಲವನ್ನೂ ಬರೀ ಬೆರಳಲ್ಲೇ ಹಾಕಿಸಿದ, ಸ್ಪ್ಯಾನರ್ ಕೈಗೇ ಕೊಡಲಿಲ್ಲ. ಬೋಲ್ಟ್ ಇಟ್ಟ ತಕ್ಷಣ ಬಿಗಿಯುವ ಕಡೆಗೆ ತಿರುಗಿಸಬೇಡ, ಮೊದಲು ಬಿಚ್ಚುವ ಕಡೆಗೆ ಮೆಲ್ಲಗೆ ತಿರುಗಿಸು ಅಂದ. ಒಂದು ಕಡೆ ಟಿಕ್ ಅಂತ ಒಳಗಿಳಿದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಥ್ರೆಡ್ಡಿನ ಬಾಯಿ ಅಲ್ಲಿದೆ ಅಂತ ಅರ್ಥ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಬೆಣ್ಣೆಯಂತೆ ಹೋಗುತ್ತದೆ. ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗದಿದ್ದರೆ ಅದು ಅಡ್ಡ ಕೂತಿದೆ, ತೆಗೆಯಿರಿ. ಎಲ್ಲ ಸೇರಿದ ಮೇಲೆ ಪೆಡಲನ್ನು ಕೈಯಲ್ಲೇ ಹತ್ತು ಸುತ್ತು ತಿರುಗಿಸಿದೆವು. ಕಂಬ ತಾನಾಗಿ ಒಂಚೂರು ಸರಿದು ಕೂತದ್ದು ಕಣ್ಣಿಗೇ ಕಾಣಿಸಿತು. ಆಮೇಲೆ ಬುಡದಿಂದ ಶುರುಮಾಡಿ, ಎದುರುಬದುರು ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿದೆವು. ಒಂದು ವಾರ ಬಳಸಿ ಮತ್ತೆ ಎಲ್ಲದಕ್ಕೂ ಒಂದು ಸಲ ಕೀ ಹಾಕಿ ನೋಡಿದೆ. ಎರಡು ಬೋಲ್ಟ್ ಕಾಲು ಸುತ್ತು ತಿರುಗಿದವು. ಮೂರು ವರ್ಷವಾಯಿತು, ಸದ್ದಿಲ್ಲ.

ಈಗ ನಿಮ್ಮ 8, 10ರ ವಿಷಯ. ಅದನ್ನು ಬಿಟ್ಟುಬಿಡಿ. ಫ್ಲೈವೀಲ್ ತೂಕ ಒಂದನ್ನೇ ನೋಡಿ ಏನೂ ಹೇಳಲಾಗದು. ಚಕ್ರದ ವೇಗ ಎರಡು ಪಟ್ಟಾದರೆ ಅದರಲ್ಲಿ ಸೇರುವ ಶಕ್ತಿ ನಾಲ್ಕು ಪಟ್ಟು. ಅಂದರೆ ಬೆಲ್ಟ್ ಜೋರಾಗಿ ತಿರುಗಿಸುವ 8 ಕೆಜಿ ಚಕ್ರ, ನಿಧಾನ ತಿರುಗುವ 10 ಕೆಜಿ ಚಕ್ರಕ್ಕಿಂತ ನುಣುಪಾಗಿ ಓಡಬಹುದು. ಪೆಟ್ಟಿಗೆ ಮೇಲೆ ಬರೆಯುವುದು ತೂಕ ಮಾತ್ರ.

ನೋಡಬೇಕಾದ್ದು ಸ್ಟ್ರೈಡ್, ಅಂದರೆ ಪೆಡಲ್ ಹಿಂದಿನಿಂದ ಮುಂದಕ್ಕೆ ಹೋಗುವ ಉದ್ದ. ನಿಮ್ಮ ಎತ್ತರ ಐದೂಮುಕ್ಕಾಲು ಅಡಿ ಅಂತ ಬರೆದಿದ್ದೀರಿ. 14 ಇಂಚಿನದು ತಂದರೆ ನಡೆದ ಹಾಗಿರಲ್ಲ, ಸಣ್ಣ ಮೆಟ್ಟಿಲನ್ನು ಕುಕ್ಕಿದ ಹಾಗಿರುತ್ತದೆ. ಎರಡನೇ ತಿಂಗಳಿಗೆ ಬಿಡುತ್ತೀರಿ. 18ಕ್ಕಿಂತ ಕಮ್ಮಿ ಬೇಡ, 20 ಆದರೆ ಒಳ್ಳೆಯದು. ಶೂ ಹಾಕಿಕೊಂಡು ಅಂಗಡಿಗೆ ಹೋಗಿ, ಹತ್ತು ನಿಮಿಷ ಅದರ ಮೇಲೆ ನಡೆಯಿರಿ. ಎರಡು ಪೆಡಲ್ ನಡುವಿನ ಅಂತರ ಜಾಸ್ತಿ ಇದ್ದರೆ ಸೊಂಟಕ್ಕೆ ಗೊತ್ತಾಗುತ್ತದೆ, ಅದನ್ನು ಓದಿ ತಿಳಿಯಲು ಆಗಲ್ಲ. ಕ್ಯಾಲೊರಿ ತೋರಿಸುವ ಪರದೆ ಎಷ್ಟು ದೊಡ್ಡದು ಅಂತ ಮಾತ್ರ ನೋಡಬೇಡಿ, ಆ ಅಂಕಿ ಬರೀ ಅಂದಾಜು.

ಇನ್ನೊಂದು, ನೀವು ಕೇಳಿಯೇ ಇಲ್ಲ: ಮೇಲ್ಛಾವಣಿ. ಪೆಡಲ್ ಅತಿ ಮೇಲೆ ಬಂದಾಗ ನೆಲದಿಂದ ಎಷ್ಟು ಎತ್ತರ ಅಂತ ಅಳೆಯಿರಿ. 15 ಇಂಚು ಅಂದುಕೊಳ್ಳಿ. ನಿಮ್ಮ ಎತ್ತರ ಸೇರಿಸಿದರೆ 7 ಅಡಿ. ಅದರ ಮೇಲೆ ಅರ್ಧ ಅಡಿಯಾದರೂ ಖಾಲಿ ಬೇಕು, ಫ್ಯಾನ್ ಇದ್ದರೆ ಅದರ ಕೆಳಗಂತೂ ಇಡಲೇಬೇಡಿ.

ಜನ ಕರೆಸಬೇಕಾ ಅಂದರೆ, ನನ್ನ ಪ್ರಕಾರ ಬೇಡ. ಬರುವವರ ಕೈಯಲ್ಲಿ ಡ್ರಿಲ್ ಇರುತ್ತದೆ, ಮನಸ್ಸು ಮುಂದಿನ ಮನೆಯಲ್ಲಿರುತ್ತದೆ. ನಾನು ಮಾಡಿದ್ದನ್ನೇ ಅವರು ಇನ್ನೂ ಬೇಗ ಮಾಡಬಹುದು. ಒಬ್ಬರನ್ನು ಜೊತೆಗೆ ಕೂರಿಸಿಕೊಂಡು ಅರ್ಧ ದಿನ ಇಟ್ಟುಕೊಂಡು ನೀವೇ ಜೋಡಿಸಿ. ಕರೆಸಲೇಬೇಕೆಂದರೆ ಪಕ್ಕದಲ್ಲೇ ನಿಂತು, ಕೊನೆಯ ಪೆಡಲ್ ಸೇರುವವರೆಗೂ ಡ್ರಿಲ್ ಮುಟ್ಟಬೇಡಿ ಅಂತ ಹೇಳಿ. ಅವರು ನಗುತ್ತಾರೆ, ನಗಲಿ.

ಆ ಎರಡು ಮಾದರಿಗಳ ಸ್ಟ್ರೈಡ್ ಎಷ್ಟು ಅಂತ ಕೆಳಗೆ ಬರೆಯಿರಿ. ಯಾವುದು ತಗೊಳ್ಳಬಹುದು ಅಂತ ಆಗ ಹೇಳುತ್ತೇನೆ.