ಕಲ್ಲಿನೊಳಗಿನ ಬೀಜ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ದ್ರಾಕ್ಷಿ ತೋಟದಲ್ಲಿ ಬಾವಿ ತೋಡಿಸುವಾಗ ಹೊರಬಂದ ಕರಿಕಲ್ಲಿನಲ್ಲಿ ಬೀಜದ ಆಕಾರದ ಬಿಳಿ ಕಾಳುಗಳು ಒತ್ತೊತ್ತಾಗಿ ಹುದುಗಿವೆ. ಭೂಮಿಯ ಮೊದಮೊದಲ ಹೂಗಿಡಗಳ ಬೀಜಗಳು ಪಳೆಯುಳಿಕೆಗಳಾಗಿ ಸಿಕ್ಕಿವೆ ಎಂದು ಓದಿದ್ದೇನೆ. ಇವೂ ಅಂಥವೇ ಆಗಿರಬಹುದೇ?
— ಒಬ್ಬ ಬೆಳೆಗಾರರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಇವು ಬೀಜಗಳಲ್ಲ. ನಿಮ್ಮ ಭಾಗದ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಆರಿ ಗಟ್ಟಿಯಾದ ಬಸಾಲ್ಟ್. ಲಾವಾ ಆರುವಾಗ ಅದರೊಳಗಿನ ಅನಿಲದ ಗುಳ್ಳೆಗಳು ಸಣ್ಣ ಸಣ್ಣ ಪೊಟರೆಗಳಾಗಿ ಉಳಿದವು; ಮುಂದೆ ಕಲ್ಲಿನೊಳಗೆ ಇಳಿದ ನೀರು ಹೊತ್ತು ತಂದ ಜಿಯೋಲೈಟ್, ಕ್ಯಾಲ್ಸೈಟ್, ಸ್ಫಟಿಕಶಿಲೆಯಂತಹ ಖನಿಜಗಳು ಆ ಪೊಟರೆಗಳನ್ನು ತುಂಬಿದವು. ಒಂದು ಕಾಳನ್ನು ಒಡೆದು ಭೂತಗನ್ನಡಿಯಲ್ಲಿ ನೋಡಿದರೆ ಹೊಳೆಯುವ ಹರಳುಗಳು ಕಾಣುತ್ತವೆಯೇ ಹೊರತು ಬೀಜಕ್ಕೆ ಇರಬೇಕಾದ ಸಿಪ್ಪೆಯ ಪದರಗಳಾಗಲಿ, ಜೀವಕೋಶಗಳ ಜಾಲವಾಗಲಿ ಕಾಣುವುದಿಲ್ಲ. ಸಾವಿರ ಡಿಗ್ರಿಗೂ ಮೀರಿದ ಶಾಖದ ಲಾವಾದೊಳಗೆ ಬೀಜವೊಂದು ಬಿದ್ದಿದ್ದರೂ ಹೀಗೆ ಆಕಾರ ಉಳಿಸಿಕೊಳ್ಳುತ್ತಿರಲಿಲ್ಲ. ಕಾಲದ ಲೆಕ್ಕವೂ ಕೂಡಿಬರುವುದಿಲ್ಲ: ನೀವು ಓದಿರುವ ಬೀಜಗಳು 11ರಿಂದ 12.5 ಕೋಟಿ ವರ್ಷಗಳಷ್ಟು ಹಳೆಯವು, ಅಂದರೆ ನಿಮ್ಮ ಬಾವಿಯ ಕಲ್ಲು ಹುಟ್ಟುವುದಕ್ಕಿಂತ ನಾಲ್ಕು ಕೋಟಿ ವರ್ಷಗಳಿಗೂ ಹಿಂದಿನವು.

ಆದರೆ ಕರಿಕಲ್ಲಿನ ಸೀಮೆಯಲ್ಲಿ ಪಳೆಯುಳಿಕೆ ಬೀಜಗಳೇ ಇಲ್ಲವೆಂದು ತಿಳಿಯಬೇಡಿ. ಲಾವಾ ಒಂದೇ ಸಲಕ್ಕೆ ಹರಿದು ಮುಗಿಯಲಿಲ್ಲ. ಒಂದು ಪ್ರವಾಹಕ್ಕೂ ಇನ್ನೊಂದಕ್ಕೂ ನಡುವೆ ದೊರೆತ ಬಿಡುವಿನಲ್ಲಿ ಕೆರೆಗಳು ತುಂಬಿದವು, ಕಾಡು ಬೆಳೆಯಿತು, ಹಣ್ಣು ಬೀಜಗಳು ಕೆಸರಿನಲ್ಲಿ ಹೂತುಹೋದವು. ಸಿಲಿಕಾ ತುಂಬಿದ ನೀರು ಆ ಕೆಸರನ್ನು ಚರ್ಟ್ ಎಂಬ ಗಟ್ಟಿ ಕಲ್ಲಾಗಿ ಮಾರ್ಪಡಿಸಿತು. ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯ ಮೊಹಗಾಂವ್ ಕಲಾನ್ ಇಂತಹ ಚರ್ಟ್‌ಗೆ ಹೆಸರಾದ ಸ್ಥಳ. ಪಳೆಯುಳಿಕೆ ಸಸ್ಯಗಳ ವಿಜ್ಞಾನಿ ಬೀರಬಲ್ ಸಾಹ್ನಿ ಅವರು ಅಲ್ಲಿನ ಪಳೆಯುಳಿಕೆ ಹಣ್ಣುಗಳನ್ನು ಅಧ್ಯಯನ ಮಾಡಿದ್ದರು. ದ್ರಾಕ್ಷಿ ಬೆಳೆಗಾರರಾದ ತಮಗೆ ಇನ್ನೊಂದು ಸಂಗತಿ ಹೆಚ್ಚು ಹಿಡಿಸಬಹುದು. ಮಧ್ಯಭಾರತದ ಇಂತಹ ಚರ್ಟ್‌ಗಳಲ್ಲಿ ದೊರೆತು, 2013ರಲ್ಲಿ ಇಂಡೊವೈಟಿಸ್ ಎಂಬ ಹೆಸರಿನಿಂದ ಪ್ರಕಟವಾದ ಬೀಜಗಳು ದ್ರಾಕ್ಷಿಯ ಕುಟುಂಬಕ್ಕೆ ಸೇರಿದ ಅತ್ಯಂತ ಹಳೆಯ ಪಳೆಯುಳಿಕೆಗಳು. ದ್ರಾಕ್ಷಿ ಬೀಜದ ಒಂದು ಬದಿಯಲ್ಲಿ ಎರಡು ಉದ್ದನೆಯ ತಗ್ಗುಗಳೂ, ಮತ್ತೊಂದು ಬದಿಯಲ್ಲಿ ಒಂದು ಗುಂಡಗಿನ ಗುರುತೂ ಇರುತ್ತವೆ. ಈ ಜೋಡಿ ಲಕ್ಷಣದಿಂದಲೇ ಕುಟುಂಬವನ್ನು ಗುರುತಿಸುತ್ತಾರೆ. ಬೀಜವಿಲ್ಲದ ತಳಿಗಳೇ ತುಂಬಿರುವ ನಿಮ್ಮ ಊರಿನಲ್ಲಿ ಇದನ್ನು ಪರೀಕ್ಷಿಸಲು ಬೀಜದ ದ್ರಾಕ್ಷಿಯನ್ನು ಹುಡುಕಿಕೊಂಡು ಹೋಗಬೇಕಾದೀತು.

ಮುಂದೆ ಬಾವಿ ಅಥವಾ ಕಲ್ಲಿನ ಕ್ವಾರಿಯಲ್ಲಿ ಎರಡು ಕರಿಕಲ್ಲಿನ ಪದರಗಳ ನಡುವೆ ತಿಳಿಬಣ್ಣದ ಜೇಡಿಯೋ, ಶಂಖದ ಹುಳುವಿನ ಚಿಪ್ಪಿರುವ ಕಲ್ಲೋ ಕಂಡರೆ ಅದನ್ನು ಒಡೆಯದೆ, ಸಿಕ್ಕ ಆಳವನ್ನು ಬರೆದಿಟ್ಟುಕೊಂಡು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದವರಿಗೆ ತೋರಿಸುವುದು ಒಳ್ಳೆಯದು.

ಪ್ರಶ್ನೆ: ಮೊದಲ ಹೂಗಿಡಗಳ ಬೀಜಗಳು ಬಹಳ ಸಣ್ಣವು ಎನ್ನುತ್ತಾರೆ. ಅವುಗಳನ್ನು ಒಡೆಯದೆ ಒಳಗೇನಿದೆ ಎಂದು ತಿಳಿಯುವುದು ಹೇಗೆ? ತಿಳಿದುಬಂದದ್ದಾದರೂ ಏನು?
— ಪದವಿ ವಿದ್ಯಾರ್ಥಿನಿ, ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ

ಉತ್ತರ: ಗಸಗಸೆ ಕಾಳಿನಷ್ಟು ಸಣ್ಣವು ಎಂದು ಸ್ಥೂಲವಾಗಿ ಹೇಳಬಹುದು. ಇವು ಮುಖ್ಯವಾಗಿ ಪೋರ್ಚುಗಲ್ ಮತ್ತು ಅಮೆರಿಕದ ಪೂರ್ವಭಾಗದ ಮೆತ್ತನೆಯ ಜೇಡಿ, ಮರಳಿನ ಪದರಗಳಲ್ಲಿ ದೊರೆತಿವೆ. ಕಲ್ಲನ್ನು ಸುತ್ತಿಗೆಯಿಂದ ಸೀಳಿ ಹುಡುಕುವ ಹಳೆಯ ಕ್ರಮದಲ್ಲಿ ಇವು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಅಂಟಿದ ಖನಿಜಗಳನ್ನು ಆಮ್ಲದಿಂದ ಕಳೆದಾಗ ಮಾತ್ರ ಈ ಬೀಜಗಳು ಕೈಗೆ ಸಿಗುತ್ತವೆ. ಇವುಗಳಲ್ಲಿ ಅನೇಕವನ್ನು ಕಾಪಾಡಿದ್ದು ಕಾಡ್ಗಿಚ್ಚು. ಸಾಕಷ್ಟು ಗಾಳಿ ದೊರೆಯದೆ ಅರೆಬೆಂದ ಸಸ್ಯಭಾಗ ಇದ್ದಿಲಾಗುತ್ತದೆ, ಇದ್ದಿಲು ಕೊಳೆಯುವುದಿಲ್ಲ, ಆಕಾರವೂ ಹೆಚ್ಚು ಚಪ್ಪಟೆಯಾಗುವುದಿಲ್ಲ.

ಒಳಗನ್ನು ನೋಡಲು ಸಿಂಕ್ರೊಟ್ರಾನ್ ಎಂಬ ಯಂತ್ರದಿಂದ ಹೊಮ್ಮುವ ಅತಿ ಪ್ರಖರ ಕ್ಷ-ಕಿರಣಗಳನ್ನು ಬಳಸುತ್ತಾರೆ. ಬೀಜವನ್ನು ತಿರುಗಿಸುತ್ತ ನೂರಾರು ಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ಜೋಡಿಸಿದರೆ ಯಾವ ಕೋನದಿಂದ ಬೇಕಾದರೂ ಸೀಳಿ ನೋಡಿದಂತಹ ದೃಶ್ಯ ದೊರೆಯುತ್ತದೆ. ಬೀಜ ಮಾತ್ರ ಇದ್ದಂತೆಯೇ ಇರುತ್ತದೆ. ಪಳೆಯುಳಿಕೆ ಸಸ್ಯಗಳ ಸಂಶೋಧಕರಾದ ಎಲ್ಸೆ ಮಾರಿ ಫ್ರೀಸ್, ಪೀಟರ್ ಕ್ರೇನ್ ಮತ್ತು ಸಂಗಡಿಗರು ಈ ವಿಧಾನದಿಂದ ಸುಮಾರು 250 ಬೀಜಗಳನ್ನು ಪರೀಕ್ಷಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಲವು ಬೀಜಗಳೊಳಗೆ ಭ್ರೂಣವೂ, ಅದರ ಸುತ್ತಣ ಆಹಾರ ಸಂಗ್ರಹದ ಜೀವಕೋಶಗಳೂ ಉಳಿದಿದ್ದವು. ಭ್ರೂಣದ ಉದ್ದ ಕಾಲು ಮಿಲಿಮೀಟರಿಗೂ ಕಡಿಮೆ.

ಈ ಕಿರಿದಾದ ಅಳತೆಯೇ ಇಲ್ಲಿ ಮುಖ್ಯವಾದ ಮಾತು. ಶೇಂಗಾ ಕಾಳನ್ನು ಇಬ್ಭಾಗ ಮಾಡಿದರೆ ಕಾಣುವುದೆಲ್ಲ ಭ್ರೂಣವೇ. ಅದು ಪೂರ್ತಿ ಬೆಳೆದು, ಆಹಾರವನ್ನು ತನ್ನ ಬೀಜದಳಗಳಲ್ಲಿ ತುಂಬಿಕೊಂಡು, ನೀರಿಗಾಗಿ ಮಾತ್ರ ಕಾಯುತ್ತಿರುತ್ತದೆ. ಈ ಪುರಾತನ ಬೀಜಗಳಲ್ಲಿ ಭ್ರೂಣ ಇನ್ನೂ ಬಲಿಯುವ ಮೊದಲೇ ಬೀಜ ಗಿಡದಿಂದ ಕಳಚಿ ಬೀಳುತ್ತಿತ್ತು. ಮೊಳೆಯುವ ಮುನ್ನ ಅದು ಬೀಜದೊಳಗೇ ಮತ್ತಷ್ಟು ಬೆಳೆಯಬೇಕಿತ್ತು, ಆದ್ದರಿಂದ ನೆಲಕ್ಕೆ ಬಿದ್ದ ಕೂಡಲೇ ಮೊಳೆಯದೆ ತಕ್ಕ ಕಾಲದವರೆಗೆ ಸುಪ್ತವಾಗಿರುತ್ತಿತ್ತು. ಸುಪ್ತಾವಸ್ಥೆಯನ್ನು ಯಾರೂ ಕಲ್ಲಿನಲ್ಲಿ ನೇರವಾಗಿ ಕಾಣಲಾರರು, ಇದು ಅಳತೆಯಿಂದ ಮಾಡಿದ ಊಹೆ ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ, ಆದರೂ ಹೂಗಿಡಗಳ ವಂಶವೃಕ್ಷದ ಬುಡದಲ್ಲಿ ನಿಲ್ಲುವ ನ್ಯೂ ಕ್ಯಾಲಿಡೋನಿಯಾ ದ್ವೀಪದ ಆಂಬೊರೆಲ್ಲಾ ಎಂಬ ಪೊದೆ, ನಮ್ಮ ಕೆರೆಗಳ ನೈದಿಲೆ ಮುಂತಾದವುಗಳ ಬೀಜಗಳಲ್ಲಿ ಇಂದಿಗೂ ಇಂತಹ ಸಣ್ಣ ಭ್ರೂಣವೇ ಇರುವುದರಿಂದ ಈ ಊಹೆಗೆ ಬಲವಿದೆ ಎಂದು ನನ್ನ ಅಭಿಪ್ರಾಯ.

ನಿಮ್ಮ ಗುಡ್ಡಗಳ ಸೀತಾಫಲವನ್ನೂ ನೋಡಬಹುದು. ಆ ಗಿಡ ಅಮೆರಿಕದಿಂದ ಬಂದದ್ದಾದರೂ ಅದರ ಕುಟುಂಬ ಹಳೆಯ ಕವಲಿಗೆ ಸೇರಿದೆ. ಬೀಜವನ್ನು ಉದ್ದಕ್ಕೆ ಸೀಳಿದರೆ ಒಳಗೆಲ್ಲ ಮಡಿಕೆ ಮಡಿಕೆಯಾದ ಬಿಳಿಯ ಆಹಾರ ಭಾಗವೇ ತುಂಬಿದ್ದು, ಒಂದು ತುದಿಯಲ್ಲಿ ಮಾತ್ರ ಚಿಕ್ಕ ಭ್ರೂಣ ಇರುತ್ತದೆ. ಬೀಜದ ಪುಡಿ ಕಣ್ಣಿಗೆ ಬಹಳ ಅಪಾಯಕಾರಿ. ಸೀಳಿದ ಮೇಲೆ ಕೈಯನ್ನು ಚೆನ್ನಾಗಿ ತೊಳೆದುಕೊಳ್ಳಿ.

ಪ್ರಶ್ನೆ: ಬಾದಾಮಿಯ ಕೆಂಪು ಕಲ್ಲಿನಲ್ಲಿ ಇಂತಹ ಬೀಜಗಳನ್ನು ಹುಡುಕಬಹುದೇ?
— ಓದುಗರು, ಗೋಕಾಕ, ಬೆಳಗಾವಿ ಜಿಲ್ಲೆ

ಉತ್ತರ: ಹುಡುಕಿ ಪ್ರಯೋಜನವಿಲ್ಲ. ಬಾದಾಮಿಯ ಮರಳುಗಲ್ಲು ನೆಲದ ಮೇಲೆ ಗಿಡಗಳೇ ಇಲ್ಲದ ಕಾಲದ್ದು. ಬಾಗಲಕೋಟೆ ಸುತ್ತಿನ ಸುಣ್ಣಕಲ್ಲಿನಲ್ಲಿ ಕೆಲವೆಡೆ ಪದರ ಪದರವಾದ ಗುಮ್ಮಟದಂತಹ ಗುರುತುಗಳು ಕಾಣುತ್ತವೆ. ಅವು ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳು.