ಹಾರ್ಟ್ ಎಣಿಸಿ ಕ್ಯಾಲೆಂಡರ್ ಮಾಡಲು ಹೊರಟ ರಾಣೆಬೆನ್ನೂರಿನ ತಮ್ಮನಿಗೆ

ತಮ್ಮಾ, ನಿನ್ನ ಪೋಸ್ಟ್ ಓದಿ ಚಹಾ ಅರ್ಧಕ್ಕೇ ಬಿಟ್ಟು ಬರೆಯುತ್ತಿದ್ದೇನೆ. ಕೋಡಿನಿಂದ 400 ರಂಗೋಲಿ ಮಾಡಿಸಿದ್ದೀಯ. ಎಲ್ಲವನ್ನೂ ಗುಂಪಿಗೆ ಹಾಕುತ್ತೀಯ. ಜಾಸ್ತಿ ಹಾರ್ಟ್ ಬಿದ್ದ 20 ಚಿತ್ರಗಳನ್ನು ಒಂದಕ್ಕೊಂದು ಬೆರೆಸಿ ಮುಂದಿನ ತಲೆಮಾರು ಮಾಡುತ್ತೀಯ. ಹೀಗೆ ಐದಾರು ಸುತ್ತು ಆದ ಮೇಲೆ ಉಳಿದ 12 ಚಿತ್ರ ಕ್ಯಾಲೆಂಡರ್‌ಗೆ. ಇದೇ ಅಲ್ವಾ ಪ್ಲಾನ್? ಬೇಡ ಮಾರಾಯಾ. ಮೂರು ವರ್ಷದ ಹಿಂದೆ ಬೆಟಗೇರಿಯಲ್ಲಿ ನಾವು ಇದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದೇವೆ. ಆಗ ನಮಗೆ ಹೇಳುವವರು ಯಾರೂ ಇರಲಿಲ್ಲ.

ಮೊದಲು ಒಂದು ಹೇಳು, ಆ 400ರ ಸೀಡ್ ಎಲ್ಲಿದೆ? ಸೀಡ್ ಅಂದರೆ ಕೋಡಿಗೆ ಮತ್ತೆ ಕೊಟ್ಟರೆ ಅದೇ ಚಿತ್ರ ಮತ್ತೆ ಬರುವಂತೆ ಮಾಡುವ ನಂಬರು. ನೀನು ಹಾಕಿದ ಸ್ಕ್ರೀನ್‌ಶಾಟಿನಲ್ಲಿ ಫೈಲ್ ಹೆಸರು ಕಾಣುತ್ತದೆ: ರಂಗೋಲಿ 36, ರಂಗೋಲಿ 37, ರಂಗೋಲಿ 38. ಅದು ಬ್ರೌಸರ್ ತಾನೇ ಹಾಕಿಕೊಂಡ ಡೌನ್‌ಲೋಡ್ ನಂಬರು, ಸೀಡ್ ಅಲ್ಲ. ನನ್ನ ಫೋಲ್ಡರ್ ಕೂಡ ಥೇಟ್ ಹೀಗೇ ಇತ್ತು.

ಏನಾಯಿತು ಕೇಳು. ನಮ್ಮದು ನಡುವಿನ 9 ಚುಕ್ಕಿಯಿಂದ ಮೇಲೆ ಕೆಳಗೆ ಎರಡೂ ಕಡೆ 7, 5, 3 ಅಂತ 1ರ ತನಕ ಇಳಿಯುವ ರಂಗೋಲಿ, ಒಟ್ಟು 41 ಚುಕ್ಕಿ. ಎಳೆ ಯಾವ ಚುಕ್ಕಿಯನ್ನು ಸುತ್ತಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ನಾಯ್ಸ್ ಅನ್ನುವ, ನಯವಾಗಿ ಏರಿಳಿಯುವ ರ್ಯಾಂಡಮ್ ಸಂಖ್ಯೆ ಕೊಡುವ ಫಂಕ್ಷನ್ ತೀರ್ಮಾನಿಸುತ್ತಿತ್ತು. ಒಂದು ದಿನ ಸುಮ್ನೆ ಅವ್ವನ ಕೈಗೆ ಮೊಬೈಲ್ ಕೊಟ್ಟೆ. ಅವ್ವ ಒಂದೊಂದೇ ಸರಿಸುತ್ತಾ ಹೋದಳು, ಮುಖದಲ್ಲಿ ಏನೂ ಇಲ್ಲ. ಒಂದು ಚಿತ್ರಕ್ಕೆ ನಿಂತಳು. ಕನ್ನಡಕ ಏರಿಸಿ, ಕಿರುಬೆರಳು ಸ್ಕ್ರೀನಿಗೆ ತಾಗದ ಹಾಗೆ ಹಿಡಿದು ಚುಕ್ಕಿ ಎಣಿಸಿದಳು. “41 ಸರಿ ಅದಾವ. ಈ ಎಡಗಡೆ ಕೆಳಗಿನ ಚುಕ್ಕಿಗೆ ಎಳೀನ ಬಂದಿಲ್ಲ ನೋಡು. ಬೇಕಂತನ ಬಿಟ್ಟಾಂಗ ಅದ” ಅಂದಳು. ನಿಜವಾಗಿಯೂ ಆ ಒಂದು ಚುಕ್ಕಿ ಒಂಟಿಯಾಗಿ ಕೂತಿತ್ತು. ಸುತ್ತಲಿನ ಎಳೆಗಳೆಲ್ಲ ಅದಕ್ಕೆ ಜಾಗ ಬಿಟ್ಟು ಸರಿದ ಹಾಗಿತ್ತು. ಗುಂಪಿನಲ್ಲಿ ಆ ಚಿತ್ರಕ್ಕೆ ಬಿದ್ದದ್ದು ಎರಡೇ ಹಾರ್ಟ್. ಒಂದು ನನ್ನದೇ.

ಪ್ರೆಸ್ಸಿನವರು 12×18 ಇಂಚು, 300 ಡಿಪಿಐ (ಇಂಚಿಗೆ 300 ಪಿಕ್ಸೆಲ್) ಕೇಳಿದರು. ಅಂದರೆ 3600×5400 ಪಿಕ್ಸೆಲ್. ನನ್ನ ಹತ್ತಿರ ಇದ್ದದ್ದು ವಾಟ್ಸಾಪಿನಲ್ಲಿ ಫೋಟೋ ಮಾಡಿ ಕಳಿಸಿ, ಕುಗ್ಗಿ ಬಂದ ಕಾಪಿ. ಇರಲಿ, ಕೋಡ್ ಇದೆಯಲ್ಲ, ಮತ್ತೆ ಓಡಿಸಿದರಾಯಿತು ಅಂದುಕೊಂಡೆ. ಅದೃಷ್ಟಕ್ಕೆ ಸೀಡನ್ನು ಒಂದು ಚೀಟಿಯ ಮೇಲೆ ಬರೆದಿದ್ದೆ. ಹಾಕಿ ಓಡಿಸಿದೆ. ಬಣ್ಣ ಬಂತು, ಅಂಚು ಬಂತು, ಎಳೆ ಬೇರೆ! ಮೂರು ರಾತ್ರಿ ಕೂತೆ. ಆ ಒಂಟಿ ಚುಕ್ಕಿ ಮತ್ತೆ ಸಿಗಲೇ ಇಲ್ಲ.

ಕಾರಣ ಗೊತ್ತಾದಾಗ ನಾಚಿಕೆಯಾಯಿತು. ಪಿ5 ಅನ್ನುವ, ಬ್ರೌಸರಿನಲ್ಲಿ ಕೋಡಿನಿಂದ ಚಿತ್ರ ಬಿಡಿಸುವ ಸಾಧನದಲ್ಲಿ ರ್‍ಯಾಂಡಮ್‌ಸೀಡ್ ಬೇರೆ, ನಾಯ್ಸ್‌ಸೀಡ್ ಬೇರೆ. ನಾನು ಮೊದಲನೆಯದನ್ನು ಮಾತ್ರ ಕೊಟ್ಟಿದ್ದೆ. ಎರಡನೆಯದನ್ನು ಕೊಡದಿದ್ದರೆ ಪೇಜ್ ತೆರೆದಾಗಲೆಲ್ಲ ನಾಯ್ಸ್ ಹೊಸದು. ಎರಡೂ ಕೊಡು, ಒಂದೇ ನಂಬರ್ ಕೊಟ್ಟರೂ ನಡೆಯುತ್ತದೆ. ಎಲ್ಲಾದರೂ ಮರೆತು ಜಾವಾಸ್ಕ್ರಿಪ್ಟಿನ ಮ್ಯಾಥ್ ರ್‍ಯಾಂಡಮ್ ಬಳಸಿದ್ದೀಯಾ ಅಂತ ಹುಡುಕು. ಅದು ನಿನ್ನ ಯಾವ ಸೀಡಿನ ಮಾತನ್ನೂ ಕೇಳುವುದಿಲ್ಲ.

ಇನ್ನೊಂದು ಗುಂಡಿ ಇದೆ, ಇದರಲ್ಲಿ ಎಲ್ಲರೂ ಬೀಳುತ್ತಾರೆ. ಲೂಪ್ ಎಷ್ಟು ಸಲ ಓಡಬೇಕು ಅನ್ನುವುದನ್ನು ಕ್ಯಾನ್ವಾಸಿನ ಅಗಲಕ್ಕೆ ಕಟ್ಟಿರುತ್ತಾರೆ. ಮೊಬೈಲಿಗೆ 1000 ಪಿಕ್ಸೆಲ್ ಇದ್ದಾಗ ಒಂದು ಚಿತ್ರ, ಪ್ರಿಂಟಿಗೆ 3600 ಮಾಡಿದರೆ ಇನ್ನೊಂದು. ಅಗಲ ಹೆಚ್ಚಾದಂತೆ ರ್‍ಯಾಂಡಮ್ ಕರೆಗಳೂ ಹೆಚ್ಚಾಗುತ್ತವೆ, ಲೆಕ್ಕ ಪೂರ್ತಿ ತಪ್ಪುತ್ತದೆ. ಅಗಲವನ್ನು 100 ಭಾಗ ಮಾಡಿಕೋ, ಎಲ್ಲ ಅಳತೆಯನ್ನೂ ಆ ಭಾಗದಲ್ಲೇ ಬರೆ. ಪಿಕ್ಸೆಲ್‌ಡೆನ್ಸಿಟಿ 1 ಅಂತ ಕಟ್ಟಿಹಾಕು, ಇಲ್ಲದಿದ್ದರೆ ಒಬ್ಬರ ಫೋನಿನಲ್ಲಿ ಒಂದು ಸೈಜು, ಇನ್ನೊಬ್ಬರದರಲ್ಲಿ ಇನ್ನೊಂದು. ಫೈಲ್ ಹೆಸರಿನಲ್ಲೇ ಸೀಡ್, ಕೋಡಿನ ವರ್ಶನ್, ಸುತ್ತು ಮೂರೂ ಇರಲಿ. ಚಿತ್ರ ಕಳೆದರೂ ಪರವಾಗಿಲ್ಲ, ಆ ಹೆಸರೊಂದು ಉಳಿದರೆ ಸಾಕು. ಗುಂಪಿಗೆ ಕಳಿಸುವಾಗ ಫೋಟೋ ಅಂತ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು. ಇದನ್ನು ಈ ಗುಂಪಿನಲ್ಲಿ ಹತ್ತು ಸಲವಾದರೂ ಹೇಳಿದ್ದೇನೆ.

ಈಗ ಹಾರ್ಟಿನ ವಿಷಯ. ಮೊದಲು ಹಾಕಿದ ಚಿತ್ರಕ್ಕೆ ಹಾರ್ಟ್ ಜಾಸ್ತಿ, 90ನೆಯದಕ್ಕೆ ಯಾರೂ ಸ್ಕ್ರೋಲ್ ಮಾಡುವುದಿಲ್ಲ. ಹಾರ್ಟ್ ಇದ್ದಲ್ಲಿಗೇ ಹಾರ್ಟ್ ಬೀಳುತ್ತದೆ. ಇದು ನನ್ನ ಅನುಮಾನ ಮಾತ್ರ ಅಲ್ಲ. ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಅಂತ ಮೂವರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಯಾರೂ ಕೇಳದ 48 ಹಾಡು, 14,000ಕ್ಕೂ ಜಾಸ್ತಿ ಜನ. ಕೆಲವರಿಗೆ ಒಂದೊಂದು ಹಾಡನ್ನು ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಅನ್ನುವುದು ಕಾಣುತ್ತಿತ್ತು, ಕೆಲವರಿಗೆ ಇಲ್ಲ. ಕಾಣುವವರನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಗುಂಪುಗಳಾಗಿ ಒಡೆದಿದ್ದರು. ಒಂದು ಗುಂಪಿನ ಹಿಟ್ ಹಾಡು ಇನ್ನೊಂದರಲ್ಲೂ ಹಿಟ್ ಆಗುತ್ತದೆ ಅನ್ನುವ ಖಾತ್ರಿ ಇರಲಿಲ್ಲ. ತೀರ ಒಳ್ಳೆಯದು ಪೂರ್ತಿ ಸೋತದ್ದು ಕಡಿಮೆ, ತೀರ ಕೆಟ್ಟದ್ದು ಗೆದ್ದದ್ದು ಕಡಿಮೆ, ನಡುವಿನದಕ್ಕೆ ಮಾತ್ರ ಏನು ಬೇಕಾದರೂ ಆಗುತ್ತಿತ್ತು. ನಿನ್ನ 400ರಲ್ಲಿ 350 ಆ ನಡುವಿನವೇ ಇರುತ್ತವೆ, ಬರೆದಿಟ್ಟುಕೋ.

ಗೆದ್ದವುಗಳನ್ನೇ ಬೆರೆಸುತ್ತಾ ಹೋದರೆ ಇನ್ನೊಂದು ಕಾಟ. ನಮ್ಮ ಐದನೆಯ ಸುತ್ತಿಗೆ ಎಲ್ಲ ಚಿತ್ರವೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಕುಂಕುಮ ಬಣ್ಣದ ಚಕ್ರ, ಅಂಚಿಗೆ ನವಿಲುಗರಿಯ ಹಾಗೆ ಏನೋ ಒಂದು. ಯಾರಿಗೂ ಬೇಜಾರಿಲ್ಲ, ಯಾರಿಗೂ ಖುಷಿಯೂ ಇಲ್ಲ. ಸ್ಕಾಟ್ ಡ್ರೇವ್ಸ್ 1999ರಲ್ಲಿ ಶುರು ಮಾಡಿದ ಎಲೆಕ್ಟ್ರಿಕ್ ಶೀಪ್ ನಿನಗೂ ಗೊತ್ತಿರುತ್ತದೆ. ಕಂಪ್ಯೂಟರ್ ಸುಮ್ಮನಿದ್ದಾಗ ಸ್ಕ್ರೀನ್‌ಸೇವರ್ ಆಗಿ ಓಡುತ್ತದೆ, ಅದರಲ್ಲಿ ಬರುವ ಒಂದೊಂದು ಚಲಿಸುವ ಚಿತ್ರಕ್ಕೂ ಕುರಿ ಅಂತ ಹೆಸರು, ಹಿಡಿಸಿದರೆ ಮೇಲಿನ ಬಾಣದ ಕೀ, ಹಿಡಿಸದಿದ್ದರೆ ಕೆಳಗಿನದು. ಜಾಸ್ತಿ ಓಟು ಬಿದ್ದ ಕುರಿ ಜಾಸ್ತಿ ದಿನ ಬದುಕಿ ಮರಿ ಹಾಕುತ್ತದೆ. ಎಲ್ಲರೂ ನೆನಪಿಡುವುದು ಇಷ್ಟನ್ನೇ. ಅದರಲ್ಲಿ ಜನ ತಾವೇ ಕೈಯಾರೆ ಮಾಡಿದ ಕುರಿಯನ್ನೂ ಹಿಂಡಿಗೆ ಬಿಡಬಹುದಿತ್ತು, ಅದನ್ನು ಮರೆಯುತ್ತಾರೆ. ನಮ್ಮ ಕಡೆ ಕುರಿ ಕಾಯುವವರನ್ನು ಕೇಳು, ಹಿಂಡಿಗೆ ಹೊರಗಿನ ಟಗರು ಯಾಕೆ ತರುತ್ತಾರೆ ಅಂತ ಹೇಳುತ್ತಾರೆ. ಪ್ರತಿ ಸುತ್ತಿಗೂ ಐದರಲ್ಲಿ ಒಂದು ಪಾಲು ಹೊಸ ಸೀಡ್ ಬಿಡು. ಯಾರಿಗಾದರೂ ಕೈಯಲ್ಲಿ ಬಿಡಿಸಿ ಕೋಡಿಗೆ ಇಳಿಸುವ ಹುಮ್ಮಸ್ಸಿದ್ದರೆ ಅದನ್ನೂ ಬಿಡು.

ನಾನು ಈಗ ಮಾಡುವುದು ಜೋಡಿ ಓಟು. ಎರಡು ಚಿತ್ರ ಅಕ್ಕಪಕ್ಕ, ಯಾವುದು ಬೇಕು ಹೇಳು, ಅಷ್ಟೇ. ಹೆಸರಿಲ್ಲ, ಸಂಖ್ಯೆ ಕಾಣುವುದಿಲ್ಲ, ಯಾರ ಕೋಡ್ ಅಂತಲೂ ಗೊತ್ತಾಗುವುದಿಲ್ಲ. ಚೆಸ್ ಆಟಗಾರರ ಬಲ ಅಳೆಯುವ ಈಲೊ ಅಂಕದ ಲೆಕ್ಕವನ್ನೇ ಇದಕ್ಕೆ ಹಾಕುತ್ತೇನೆ. ಎಲ್ಲಕ್ಕೂ 1500ರಿಂದ ಶುರು, ಕೆ (ಒಂದು ಓಟಿಗೆ ಅಂಕ ಎಷ್ಟರ ಮಟ್ಟಿಗೆ ಬದಲಾಗಬಹುದು ಅನ್ನುವ ಮಿತಿ) 32. ಸಮಬಲದ ಎರಡರಲ್ಲಿ ಗೆದ್ದದ್ದಕ್ಕೆ 16 ಸೇರುತ್ತದೆ, ಸೋತದ್ದಕ್ಕೆ 16 ಕಳೆಯುತ್ತದೆ. ಬಲವಾದದ್ದನ್ನು ಬಡಪಾಯಿ ಹೊಡೆದರೆ ಅದಕ್ಕಿಂತ ಜಾಸ್ತಿ. 400ಕ್ಕೆ ಇದನ್ನು ಮಾಡಲು ಹೋಗಬೇಡ, ಸಾಯುತ್ತೀಯ. ಮೊದಲು ಇಬ್ಬರು ಬೇರೆ ಬೇರೆ ಕೂತು ನೋಡಿ, ಇಬ್ಬರೂ ಬೇಡ ಅಂದದ್ದನ್ನು ಮಾತ್ರ ತೆಗೆಯಿರಿ. ಜಾಸ್ತಿ ಉಳಿದರೆ ಅದನ್ನೇ ಇನ್ನೊಂದು ಸಲ ಮಾಡಿ, 60ಕ್ಕೆ ಬಂದ ಮೇಲೆ ಜೋಡಿ. 60ಕ್ಕೆ ಎಲ್ಲ ಜೋಡಿಯೂ ಬೇಕೆಂದರೆ 1770 ಆಗುತ್ತದೆ, ಅಷ್ಟು ಬೇಕಿಲ್ಲ. ಪ್ರತಿ ಚಿತ್ರ 12 ಸಲ ಕಣಕ್ಕಿಳಿದರೆ ಸಾಕು, ಒಟ್ಟು 360 ಜೋಡಿ. 15 ಜನ ಇದ್ದರೆ ಒಬ್ಬರಿಗೆ 24. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಮುಗಿಯುತ್ತದೆ. ಎಡ ಬಲ ಮಾತ್ರ ಪ್ರತಿ ಸಲ ಅದಲುಬದಲು ಮಾಡು, ಯೋಚಿಸದೆ ಎಡಕ್ಕೇ ಒತ್ತುವ ಮಹಾನುಭಾವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ರಾತ್ರಿ ಹನ್ನೊಂದರ ಮೇಲೆ ಬಿದ್ದ ಓಟನ್ನು ನಾನು ಹಿಡಿಯುವುದಿಲ್ಲ. ಅದಕ್ಕೆ ಆಧಾರ ಕೇಳಬೇಡಿ, ಅದು ನನ್ನ ಚಾಳಿ.

ಈ ಜೋಡಿ ಓಟೂ ಪೂರ್ತಿ ಸಾಲದು. ಹತ್ತು ಜನಕ್ಕೆ ಹಿಡಿಸುವುದು ಗೆಲ್ಲುತ್ತದೆ, ಒಬ್ಬರಿಗೆ ಹುಚ್ಚು ಹಿಡಿಸುವುದು ಆಗಲೂ ಬೀಳುತ್ತದೆ. ಅವ್ವನ ಚಿತ್ರ ಜೋಡಿ ಓಟಿನಲ್ಲೂ ಸೋಲುತ್ತಿತ್ತು, ನನಗೆ ಗೊತ್ತು. ಅದಕ್ಕೇ ನಾವೀಗ ‘ಹಠದ ಚಿತ್ರ’ ಅಂತ ಇಟ್ಟಿದ್ದೇವೆ. ಪ್ರತಿಯೊಬ್ಬರಿಗೂ ಒಂದು ಚಿತ್ರ ಉಳಿಸುವ ಹಕ್ಕು, ಓಟು ಸೊನ್ನೆ ಇದ್ದರೂ ಸರಿ. ಯಾರೂ ಕಾರಣ ಕೇಳಬಾರದು. ಆ ಚಿತ್ರ ಮುಂದಿನ ಸುತ್ತಿಗೆ ಹೋಗಲೇಬೇಕು. 12ರ ಕ್ಯಾಲೆಂಡರಿನಲ್ಲಿ 4 ತಿಂಗಳು ಇಂಥವಕ್ಕೇ ಮೀಸಲು, ಯಾರದು ಅನ್ನುವುದಕ್ಕೆ ಚೀಟಿ ಎತ್ತುತ್ತೇವೆ.

ಇದು ನನ್ನ ತಲೆಯಿಂದ ಬಂದದ್ದಲ್ಲ. ಪಿಕ್‌ಬ್ರೀಡರ್ ಅಂತ, ಜನ ಚಿತ್ರಗಳನ್ನು ಆರಿಸುತ್ತಾ ಬೆಳೆಸುವ ಒಂದು ವೆಬ್‌ಸೈಟನ್ನು ಕೆನೆತ್ ಸ್ಟ್ಯಾನ್ಲಿ ಮತ್ತು ಅವರ ತಂಡ ಮಾಡಿದ್ದರಲ್ಲ, ಅಲ್ಲಿ ಒಂದೇ ದೊಡ್ಡ ಚುನಾವಣೆ ಇರಲಿಲ್ಲ. ಯಾರ ಚಿತ್ರದಿಂದ ಬೇಕಾದರೂ ಕವಲು ತೆಗೆದುಕೊಂಡು ನೀನೊಬ್ಬನೇ ಬೆಳೆಸಬಹುದಿತ್ತು. ಸ್ಟ್ಯಾನ್ಲಿ ಅಲ್ಲಿ ಒಂದು ಅನ್ಯಗ್ರಹದ ಜೀವಿಯ ಮುಖ ಹಿಡಿದು ಬೆಳೆಸುತ್ತಿದ್ದಾಗ ಅದರ ಕಣ್ಣುಗಳು ಕೆಳಗಿಳಿದು ಚಕ್ರವಾಗಿ, ಮುಖ ಕಾರಾಯಿತು! ಆ ಮುಖವನ್ನು ‘ಕಾರಿನ ಹಾಗೆ ಇದೆಯಾ’ ಅಂತ ಓಟಿಗೆ ಹಾಕಿದ್ದರೆ ಯಾರು ಕೈ ಎತ್ತುತ್ತಿದ್ದರು?

ಓಟು ಹಾಕುವವರು ಯಾರು ಅನ್ನುವುದನ್ನೂ ನೋಡು. ನಾವು ಕೋಡ್ ಬರೆಯುವವರು ಬಣ್ಣಕ್ಕೆ ಬೀಳುತ್ತೇವೆ. ಹೋದ ವರ್ಷ ಧಾರವಾಡದ ಕಡೆಯ ಕಸೂತಿ ಹಾಕುವ ಇಬ್ಬರು ಅಕ್ಕಂದಿರನ್ನು ಸೇರಿಸಿಕೊಂಡೆವು. ಅವರು ಬಣ್ಣ ನೋಡಲೇ ಇಲ್ಲ. “ಇದು ಗವಂತಿಗೆ ಬರಾಂಗಿಲ್ಲ, ನಡುವ ಕಡದದ” ಅಂತ ಮೊದಲ ದಿನವೇ ಅರ್ಧ ತೆಗೆದು ಬಿಸಾಕಿದರು. ಗವಂತಿ ಅನ್ನುವ ಕಸೂತಿ ಹೊಲಿಗೆಯಲ್ಲಿ ದಾರ ಒಂದು ಮನೆ ಬಿಟ್ಟು ಒಂದು ಹಾಕುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟದ್ದನ್ನು ತುಂಬುತ್ತದೆ. ಎರಡೂ ಬದಿ ಒಂದೇ ತರ ಕಾಣಬೇಕು, ಗಂಟು ಇರಬಾರದು. ಹಾಗಾಗಿ ಚಿತ್ರದ ಗೆರೆಗಳೆಲ್ಲ ಒಂದಕ್ಕೊಂದು ಅಂಟಿರಲೇಬೇಕು, ನಡುವೆ ತೇಲುವ ತುಂಡು ಇರಬಾರದು. ಅಡ್ಡ, ಉದ್ದ, ಮೂಲೆಗೆರೆ ಬಿಟ್ಟು ಬೇರೆ ಗೆರೆ ಬೇಡ. ಕೋಡಿನಲ್ಲಿ ಇದನ್ನು ಪರೀಕ್ಷಿಸುವುದು ಹತ್ತು ಸಾಲಿನ ಕೆಲಸ. ನನಗೆ ಹೊಳೆದಿರಲಿಲ್ಲ, ಅಷ್ಟೇ. ಮೆಂತೆ ಅನ್ನುವ ಇನ್ನೊಂದು ಹೊಲಿಗೆಗಾದರೆ ತುಂಬಿದ ಆಕಾರವೂ ನಡೆಯುತ್ತದಂತೆ.

ಒಂದೇ ಎಳೆಯ ರಂಗೋಲಿ ಬರುತ್ತಿಲ್ಲ ಅಂತ ಕೆಳಗೆ ಯಾರೋ ಕೇಳಿದ್ದಾರೆ. ಆಯತದ ಚುಕ್ಕಿಗೆ ಓರೆ ಎಳೆ ಹಾಕಿದರೆ ಎಷ್ಟು ಎಳೆ ಬರುತ್ತದೆ ಅನ್ನುವುದು ಎರಡು ಬದಿಯ ಚುಕ್ಕಿ ಲೆಕ್ಕದ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ). ಹೌದು, ಶಾಲೆಯಲ್ಲಿ ಬೈಸಿಕೊಂಡು ಕಲಿತದ್ದೇ. 5×4ಕ್ಕೆ ಒಂದೇ ಎಳೆ, 6×4ಕ್ಕೆ ಎರಡು, 5×5ಕ್ಕೆ ಐದು. ಎರಡು ಬೇರೆ ಎಳೆ ದಾಟುವ ಒಂದು ಜಾಗದಲ್ಲಿ ದಾಟಿಸದೆ ಎರಡನ್ನೂ ತಿರುಗಿಸಿಬಿಟ್ಟರೆ ಎರಡೂ ಸೇರಿ ಒಂದಾಗುತ್ತವೆ. ಒಂದೇ ಎಳೆ ತನ್ನನ್ನು ತಾನು ದಾಟುವಲ್ಲಿ ಹೀಗೆ ಮಾಡಿದರೆ ಒಡೆಯಲೂಬಹುದು, ಹುಷಾರು. ನಕ್ಷತ್ರದ ಆಕಾರ ಬೇಕಿದ್ದವರು ಒಂದು ಭಾನುವಾರ ಡಂಬಳಕ್ಕೆ ಹೋಗಿ ದೊಡ್ಡಬಸಪ್ಪ ಗುಡಿಯನ್ನು ಸುತ್ತಿ ಬನ್ನಿ. 24 ಮೂಲೆಯ ನಕ್ಷತ್ರ ಅದು. ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತಾ ಆರು ಸಲ ಬಿಡಿಸು, ಆ 24 ಮೂಲೆ ಬರುತ್ತದೆ. ಲೂಪಿನಲ್ಲಿ ಎರಡೇ ಸಾಲು.

ಎಐಗೆ ಹೇಳಿದರೆ ಕ್ಷಣದಲ್ಲಿ ರಂಗೋಲಿ ಕೊಡುತ್ತದೆ ಅನ್ನುವವರಿಗೆ: ಕೊಡುತ್ತದೆ, ಚುಕ್ಕಿ ಎಣಿಸಿ ನೋಡಿ. ನಾನು ನೋಡಿದವುಗಳಲ್ಲಿ ಎಡಕ್ಕೆ ಏಳಿದ್ದರೆ ಬಲಕ್ಕೆ ಎಂಟು. ದೂರದಿಂದ ಚೆಂದ.

ಸಾಫ್ಟ್‌ವೇರ್ ಬಗ್ಗೆ ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ. ಮೊಬೈಲಿನಲ್ಲಿ ತೋರಿಸಿ ಓಟು ಹಾಕಿಸಲು ಪಿ5. ಪ್ರಿಂಟಿಗೆ ಕಂಪ್ಯೂಟರಿನಲ್ಲಿ ಓಡುವ ಹಳೆಯ ಪ್ರೊಸೆಸಿಂಗ್ ಸಾಫ್ಟ್‌ವೇರೇ ವಾಸಿ, ನೇರ ಪಿಡಿಎಫ್ ಕೊಡುತ್ತದೆ, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ. ಆದರೆ ಪಿ5ನ ಸೀಡ್ ಪ್ರೊಸೆಸಿಂಗಿಗೆ ನಡೆಯುವುದಿಲ್ಲ, ಒಂದೇ ನಂಬರಿಗೆ ಎರಡೂ ಬೇರೆ ಬೇರೆ ಚಿತ್ರ ಕೊಡುತ್ತವೆ. ಯಾವುದರಲ್ಲಿ ಪ್ರಿಂಟೋ ಅದರಲ್ಲೇ ಶುರು ಮಾಡಬೇಕು, ಅಥವಾ ಎಳೆಗಳ ಬಿಂದುಗಳನ್ನು ಫೈಲಿಗೆ ಬರೆಸಿ ಅಲ್ಲಿಂದ ಓದಿಸಬೇಕು. ಸ್ಕ್ರೀನಿನಲ್ಲಿ ಮಿಂಚುವ ಗಿಳಿಹಸಿರು ಪ್ರೆಸ್ಸಿನ ನಾಲ್ಕು ಬಣ್ಣದಲ್ಲಿ ಮಂಕಾಗುತ್ತದೆ, ಮೊದಲೇ ಒಂದು ಪ್ರೂಫ್ ತೆಗೆಸು. ತೆಳು ಕಪ್ಪು ಗೆರೆಯನ್ನು ಕಪ್ಪು ಶಾಯಿ ಒಂದರಲ್ಲೇ ಹೊಡೆಸು. ನಾಲ್ಕೂ ಬಣ್ಣ ಸೇರಿಸಿದ ಕಪ್ಪಾದರೆ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಗೆರೆಯ ಪಕ್ಕ ಬಣ್ಣದ ನೆರಳು ಏಳುತ್ತದೆ. ತಿಂಗಳ ಹೆಸರನ್ನು ಕರ್ವ್ ಮಾಡಿಯೇ (ಅಕ್ಷರವನ್ನು ಫಾಂಟ್ ಬೇಡದ ಆಕಾರವಾಗಿ ಬದಲಿಸಿಯೇ) ಕೊಡು, ಇಲ್ಲದಿದ್ದರೆ ಪ್ರೆಸ್ಸಿನವರ ಕೋರೆಲ್ ಸಾಫ್ಟ್‌ವೇರಿನಲ್ಲಿ ಫಾಂಟ್ ಹಾರಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ನಮ್ಮದರಲ್ಲಿ ಫೆಬ್ರವರಿಗೆ ಹಾಗಾಗಿತ್ತು, 200 ಕಾಪಿ ಹೊಡೆದಾದ ಮೇಲೆ ಕಂಡಿತು.

ಅವ್ವನ ಆ ಚಿತ್ರವನ್ನು ಕುಗ್ಗಿದ ಕಾಪಿಯಿಂದಲೇ ಅಂಗೈಯಷ್ಟು ಪ್ರಿಂಟ್ ಹಾಕಿಸಿ ಕೊಟ್ಟೆ, ಅಡುಗೆಮನೆಯ ಕಪಾಟಿಗೆ ಅಂಟಿಸಿಕೊಂಡಿದ್ದಾಳೆ. ಹತ್ತಿರ ಹೋದರೆ ಎಳೆ ಮಬ್ಬು.

ನಿನ್ನ ಕೋಡಿನಲ್ಲಿ ನಾಯ್ಸ್‌ಸೀಡ್ ಇದೆಯೋ ಇಲ್ಲವೋ ಇವತ್ತೇ ನೋಡಿ ಇಲ್ಲಿ ಹೇಳು. ಇಲ್ಲದಿದ್ದರೆ ಆ 400ನ್ನು ಗುಂಪಿಗೆ ಹಾಕಬೇಡ, ಮತ್ತೆ ಓಡಿಸು. 400ಕ್ಕೆ ಹತ್ತು ನಿಮಿಷವೂ ಬೇಡ. ಜೋಡಿ ಓಟಿನ ಪೇಜ್ ನನ್ನ ಹತ್ತಿರ ಇದೆ, ಶನಿವಾರ ಶಾಲೆ ಬಿಟ್ಟ ಮೇಲೆ ಕಳಿಸುತ್ತೇನೆ.