ಮೊದಲು ಮೊಣಕಾಲು ತೋರಿಸಿ

ಪ್ರಶ್ನೆ: ಯಕ್ಷಗಾನ ಮೇಳದಲ್ಲಿ 32 ತಿರುಗಾಟ (ವರ್ಷಕ್ಕೊಂದು ಪ್ರದರ್ಶನದ ಕಾಲ) ಪುಂಡುವೇಷ, ಅಂದರೆ ಚುರುಕು ಕುಣಿತದ ತರುಣ ವೀರರ ಪಾತ್ರ, ಮಾಡಿದವ ನಾನು. ಮೊಣಕಾಲು ಕೈಕೊಟ್ಟ ಮೇಲೆ ಮೇಳ ಬಿಟ್ಟು, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ಮಕ್ಕಳಿಗೆ ನಾಟ್ಯ ಕಲಿಸುತ್ತಿದ್ದೇನೆ. ಹತ್ತನೇ ತರಗತಿಯ ಒಬ್ಬ ಹುಡುಗ ನಿಲ್ಲಿಸದೆ 60 ದಿಗಿಣ (ಸುತ್ತುತ್ತ ಹಾರುವ ಜಿಗಿತ) ಹೊಡೆಯುತ್ತಾನೆ. ಮಲಯಾಳಂ ಮೀಡಿಯಂ, ಪದ್ಯವನ್ನು ಮಲಯಾಳಂ ಅಕ್ಷರದಲ್ಲಿ ಬರೆದುಕೊಳ್ಳುತ್ತಾನೆ. ಪರೀಕ್ಷೆ ಮುಗಿದದ್ದೇ ಮೇಳ ಸೇರುತ್ತಾನಂತೆ. ಬೀಡಿ ಕಟ್ಟಿ ಸಾಕಿದ ತಾಯಿ ‘ನೀವೇ ಬೇಡ ಹೇಳಿ’ ಎಂದು ಅಳುತ್ತಾಳೆ. ನನಗೆ ಬಾಯಿ ಬರುವುದಿಲ್ಲ. ಏನು ಮಾಡಲಿ?
– ಗೆಜ್ಜೆ ಬಿಚ್ಚಿದವ

ಹಿರಿಯರೇ, ದಿಗಿಣದ ಲೆಕ್ಕ ಬರೆದಿದ್ದೀರಿ. ಹುಡುಗ ಅರ್ಥ, ಅಂದರೆ ಪದ್ಯಕ್ಕೆ ತಕ್ಕ ಮಾತು, ಹೇಗೆ ಹೇಳುತ್ತಾನೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ಬೇಸರ ಮಾಡಬೇಡಿ, ಚಪ್ಪಾಳೆಯ ರುಚಿ ನಿಮಗಿನ್ನೂ ಹೋಗಿಲ್ಲ. ಬಾಯಿ ಬಾರದ್ದೂ ಅದಕ್ಕೇ ಇರಬೇಕು: ಅವನ ಕಾಲಲ್ಲಿ ಕುಣಿಯುತ್ತಿರುವುದು ನೀವು.

ಬೇಡ ಅನ್ನಬೇಡಿ. ಆ ಪ್ರಾಯದವರಿಗೆ ಬೇಡ ಅಂದರೆ ಹೋಗು ಅಂದ ಹಾಗೆ. ಒಂದು ಸಂಜೆ ತಾಯಿ ಮಗ ಇಬ್ಬರನ್ನೂ ಕೂರಿಸಿ, ಪಂಚೆ ಎತ್ತಿ ಮೊಣಕಾಲು ತೋರಿಸಿ. ಜಗಲಿಯ ಮೆಟ್ಟಿಲು ಇಳಿಯುವಾಗ ಯಾವ ಕಾಲು ಮೊದಲು ಇಡುತ್ತೀರಿ, ಗೋಡೆ ಎಲ್ಲಿ ಹಿಡಿಯುತ್ತೀರಿ, ಅವನು ನೋಡಲಿ. ಮೇ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟದವರೆಗೆ ಮನೆ ಹೇಗೆ ನಡೆಯಿತು, ಮಳೆಯಲ್ಲಿ ಚಿಕ್ಕಮೇಳ ಕಟ್ಟಿ ಮನೆಮನೆ ತಿರುಗಿದಾಗ ಕೈಗೆಷ್ಟು ಬಂತು, ರೂಪಾಯಿಯಲ್ಲಿ ಹೇಳಿ. ಚೌಕಿಯಲ್ಲಿ ಬಣ್ಣ ಹಚ್ಚಿ ಕೂತಾಗಿನ ಖುಷಿಯನ್ನೂ ಹೇಳಿ. ಅದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಅವನು ನಂಬಲಿಕ್ಕಿಲ್ಲ.

ಆಮೇಲೆ ಷರತ್ತು ಹಾಕಿ. ಪ್ಲಸ್ ಟೂ ಮುಗಿಯುವವರೆಗೆ ರಜೆಯ ದಿನದ ವೇಷ ಮಾತ್ರ. ಈಗ ಕಾಲಮಿತಿ ಆಟಗಳೂ ಇವೆಯಲ್ಲ, ಬೆಳಗಿನವರೆಗೆ ನಿದ್ದೆಗೆಡಬೇಕಾಗಿಲ್ಲ. ಮತ್ತೆ, ಕುಣಿತಕ್ಕೆ ಎಷ್ಟು ಹೊತ್ತೋ ಅರ್ಥಗಾರಿಕೆಗೂ ಅಷ್ಟೇ ಹೊತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಹುಡುಗ ಪದ್ಯವನ್ನು ಮಲಯಾಳಂ ಅಕ್ಷರದಲ್ಲಿ ಬರೆದುಕೊಳ್ಳಬೇಕಾಗಿ ಬಂದದ್ದು ಅವನ ತಪ್ಪಲ್ಲ, ಗದರಬೇಡಿ. ದಿನಕ್ಕೊಂದು ಪದ್ಯ ಕನ್ನಡದಲ್ಲಿ ಬರೆಸಿ, ಸಾಕು. ಕಾಲು ಸೋತ ಮೇಲೂ, ವೇಷ ಕುಣಿತ ಇಲ್ಲದ ತಾಳಮದ್ದಳೆಯಲ್ಲಿ ಕೂತು ಮಾತಾಡಬಹುದು.

ಅಂದ ಹಾಗೆ, ನೀವು ಅರ್ಥ ಹೇಳಿ ಎಷ್ಟು ಕಾಲವಾಯಿತು? ಹತ್ತಿರದ ಕೂಟಕ್ಕೆ ಅವನನ್ನೂ ಕರೆದುಕೊಂಡು ಹೋಗಿ, ಎದುರಿಗೆ ಕೂರಿಸಿ. ವಾಲಿವಧೆಯಾಗಲಿ. ನೀವು ವಾಲಿ, ಅವನು ರಾಮ. ಬಾಣ ತಾಗಿದ ವಾಲಿಯ ಪ್ರಶ್ನೆಗಳಿಗೆ ಹುಡುಗ ಏನು ಉತ್ತರ ಕೊಟ್ಟ, ನನಗೂ ಬರೆಯಿರಿ.